ಆಟ ನೋಡದವರ ನೆನಪನ್ನೂ ಬಿಡಬೇಡಿ: ಹಳೇ ಫುಟ್‌ಬಾಲ್ ಆಟಗಾರನ ಬಗ್ಗೆ ಅಭಿಮಾನಿಗಳ ಮಾತು ಬರೆದಿಟ್ಟುಕೊಳ್ಳುವುದು ಹೇಗೆ

ಕಾರ್ಲ್ಟನ್ ಚಾಪ್‌ಮನ್ ಹ್ಯಾಟ್ರಿಕ್ ಹೊಡೆದ ಮ್ಯಾಚನ್ನು ಟಿವಿಯಲ್ಲಿ ನೋಡಿದ್ದೀನಿ ಅಂತ ನಮ್ಮ ಮಾವ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದರು. 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಲ್ಲಿ ಸೋಲಿಸಿತ್ತು. ಅದರಲ್ಲಿ ಮೂರು ಗೋಲು ನಮ್ಮ ಬೆಂಗಳೂರಿನ ಹುಡುಗನದ್ದು. ಮಾವ ಮೂರನೇ ಗೋಲಿಗೆ ಬರುವಾಗ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಪ್ರತಿ ಸಲ.

ಫೋನಲ್ಲಿ ರೆಕಾರ್ಡ್ ಆನ್ ಮಾಡಿಕೊಂಡು ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಟಿವಿ ಯಾವ ಕಡೆ ಇಟ್ಟಿದ್ರಿ ಆಗ?"

"ಇಲ್ಲೇ ಕಣೋ, ಈ ಕಿಟಕಿ ಪಕ್ಕ."

ಅಡುಗೆ ಮನೆಯಿಂದ ಅತ್ತೆ ಧ್ವನಿ ಬಂತು. "ಆಗೆಲ್ಲಿತ್ತು ರೀ ಟಿವಿ? ಮಗಳನ್ನ ಸ್ಕೂಲಿಗೆ ಸೇರಿಸಿದ ವರ್ಷ ತಂದಿದ್ದು. 95."

ಮಾವ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಅರ್ಧ ನಿಮಿಷಕ್ಕಿಂತ ಜಾಸ್ತಿನೇ ಆಗಿರಬೇಕು, ರೆಕಾರ್ಡಿಂಗ್‌ನಲ್ಲಿ ಬರೀ ಫ್ಯಾನ್ ಸದ್ದು ಇದೆ. ಆಮೇಲೆ ಅವರು ನಿಧಾನಕ್ಕೆ ಶುರು ಮಾಡಿದರು. ಫ್ಯಾಕ್ಟರಿ ಕ್ಯಾಂಟೀನ್. ಬೆಳಗಿನ ಶಿಫ್ಟ್. ಇಂಗ್ಲಿಷ್ ಪೇಪರಿನ ಕೊನೇ ಪುಟ. ಜೊತೆಗಿದ್ದ ಫಿಟ್ಟರ್ ಒಬ್ಬರು ಜೋರಾಗಿ ಓದುತ್ತಿದ್ದಾರೆ, ಒಂದು ಸಾಲು ಓದಿ ಕನ್ನಡದಲ್ಲಿ ಹೇಳುವುದು, ಇನ್ನೊಂದು ಸಾಲು ಓದಿ ತಮಿಳಿನಲ್ಲಿ ಹೇಳುವುದು. ಮೇಜಿನ ಆ ಕಡೆಯಿಂದ ಯಾರೋ ಕೇಳುತ್ತಾರೆ, "ಮೂರೂ ಅವನದ್ದೇನಾ?" ಟೀ ಆರಿ ಹೋಗಿದೆ. ಸೈರನ್ ಆಗಿದೆ. ಯಾರೂ ಏಳುತ್ತಿಲ್ಲ.

ಇಪ್ಪತ್ತು ವರ್ಷ ಹೇಳಿದ ಟಿವಿ ಕಥೆಗಿಂತ ಇದು ಎಷ್ಟು ಚೆನ್ನಾಗಿದೆ ನೋಡಿ. ಇಂಥ ಮಾತನ್ನು ಹೇಗೆ ಹೊರಗೆ ತರುವುದು, ಬಂದ ಮೇಲೆ ಕೆಡಿಸದೆ ಹೇಗೆ ಇಟ್ಟುಕೊಳ್ಳುವುದು ಅನ್ನೋದನ್ನ ನಾನು ಮೂರ್ನಾಲ್ಕು ವರ್ಷದಿಂದ ಮಾಡುತ್ತಾ ಕಲಿತಿದ್ದೇನೆ. ಕಲಿತದ್ದರಲ್ಲಿ ಅರ್ಧ ತಪ್ಪು ಮಾಡಿ ಕಲಿತದ್ದು.

ಯಾರನ್ನು ಕೇಳಬೇಕು

ಮೊದಲು ನಿಮ್ಮ ಆಟಗಾರ ಎಲ್ಲೆಲ್ಲಿ ಆಡಿದ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚಾಪ್‌ಮನ್ ಅವರದ್ದು ಹೀಗಿದೆ. ಹುಟ್ಟಿದ್ದು ಬೆಂಗಳೂರಿನಲ್ಲಿ, 1971. ಆಟ ಕಲಿತದ್ದು ಇಲ್ಲಿ, ಆಮೇಲೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. 1993ರಲ್ಲಿ ಈಸ್ಟ್ ಬೆಂಗಾಲ್. 1995ರಲ್ಲಿ ಪಂಜಾಬಿನ ಜೆಸಿಟಿ. ಅಲ್ಲಿ ಸ್ಟ್ರೈಕರ್‌ಗಳಾದ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ. ಮೊದಲನೇ ರಾಷ್ಟ್ರೀಯ ಫುಟ್‌ಬಾಲ್ ಲೀಗ್, 1996-97ರದ್ದು, ಗೆದ್ದದ್ದು ಆ ಜೆಸಿಟಿ ತಂಡವೇ. ಆಮೇಲೆ ಒಂದು ಸೀಸನ್ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್, 2001ರಲ್ಲಿ ನಾಯಕನಾಗಿ ಲೀಗ್ ಟ್ರೋಫಿ. ಭಾರತ ತಂಡದ ನಾಯಕನೂ ಆಗಿದ್ದರು. ಆಮೇಲೆ ಕೋಚ್.

ಈ ಪಟ್ಟಿ ನೋಡಿದ ತಕ್ಷಣ ಒಂದು ವಿಷಯ ಗೊತ್ತಾಗುತ್ತೆ. ಅವರ ಒಳ್ಳೇ ವರ್ಷಗಳೆಲ್ಲ ಊರಿನ ಹೊರಗೆ ಕಳೆದವು. ಬೆಂಗಳೂರಿನ ಅಭಿಮಾನಿಗೆ ಸಿಕ್ಕಿದ್ದು ಪೇಪರ್, ಆಗೊಮ್ಮೆ ಈಗೊಮ್ಮೆ ಟಿವಿ, ಮತ್ತು ಯಾರೋ ಕೋಲ್ಕತ್ತಾಗೆ ಹೋಗಿ ಬಂದವರು ಹೇಳಿದ ಸುದ್ದಿ. ಹಾಗಾಗಿ "ನಾನು ಅವನ ಆಟ ನೋಡೇ ಇಲ್ಲಪ್ಪ, ನನ್ನ ಕೇಳಿ ಏನು ಪ್ರಯೋಜನ" ಅನ್ನುವವರು ತುಂಬಾ ಸಿಗುತ್ತಾರೆ. ಅವರನ್ನು ಬಿಡಬೇಡಿ. ಸುದ್ದಿ ಹೇಗೆ ಬಂತು, ಬಂದಾಗ ಎಲ್ಲಿದ್ದರು, ಯಾರಿಗೆ ಮೊದಲು ಹೇಳಿದರು, ಅದೂ ಅಭಿಮಾನದ ಕಥೆನೇ ಅಲ್ವಾ?

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ದಾಗ ಹೋಗಿ ಕುಳಿತರೆ ಅರ್ಧ ಕೆಲಸ ಆಗುತ್ತೆ. ಪ್ರತಿ ಸಲ ಒಂದೇ ಜಾಗದಲ್ಲಿ ಕೂರುವ ಹಿರಿಯರು ಇರುತ್ತಾರೆ. ಮೊದಲ ದಿನ ಏನೂ ಕೇಳಬೇಡಿ. ಜೊತೆಗೆ ಕೂತು ಆಟ ನೋಡಿ. ಎರಡನೇ ಸಲ ಹೋದಾಗ ಅವರೇ ಮಾತಾಡಿಸುತ್ತಾರೆ. ಹಲಸೂರಿನ ಗೌತಮಪುರಕ್ಕೂ ಹೋಗಿ. ಪೆಲೆ ಪ್ರತಿಮೆ ನಿಲ್ಲಿಸಿರುವ ಏರಿಯಾ ಅದು, ಮಾತಿಗೆ ಬರ ಇಲ್ಲ. ಫ್ಯಾಕ್ಟರಿ ತಂಡಗಳ ಕಾಲದವರು, ಅಂದರೆ ಐಟಿಐ, ಎಚ್‌ಎಎಲ್ ಹೀಗೆ, ಅವರು ಆಟಗಾರರನ್ನು ಕ್ಯಾಂಟೀನಿನಲ್ಲೂ ನೋಡಿದವರು, ಗ್ರೌಂಡಿನಲ್ಲೂ ನೋಡಿದವರು.

ಹೆಂಗಸರನ್ನು ಕೇಳುವುದು ಮರೀಬೇಡಿ. ನಮ್ಮ ಅತ್ತೆ ಒಂದೇ ಒಂದು ಮ್ಯಾಚ್ ನೋಡಿಲ್ಲ. ಆದರೆ ಮಾವ ಯಾವ ದಿನ ರಾತ್ರಿ ಊಟಕ್ಕೆ ತಡವಾಗಿ ಬಂದರು, ಯಾವ ದಿನ ಊಟಾನೇ ಬೇಡ ಅಂದರು, ಎಲ್ಲಾ ನೆನಪಿದೆ. ತಾರೀಕು ಬೇಕಾದರೆ ನಾನು ಅವರನ್ನೇ ಕೇಳುವುದು.

ಬೇಗ ಕೇಳಿ ಅಂತ ಒಂದು ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ಗೋಲು ತಂದವರು ಸಾರಂಗಪಾಣಿ ರಾಮನ್, ನಮ್ಮವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಲ್ಲಿ ಸೋತಾಗ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್, ಅವರೂ ಬೆಂಗಳೂರಿನವರೇ. ಅವರಿಬ್ಬರ ಆಟವನ್ನು ಇಲ್ಲಿ ಕಣ್ಣಾರೆ ನೋಡಿದವರನ್ನು ಹುಡುಕಿ ಸೋತಿದ್ದೇನೆ. ಸಿಗುವುದೆಲ್ಲ "ನಮ್ಮ ತಾತ ಹೇಳ್ತಿದ್ರು" ಅನ್ನುವ ಮಾತು. ಅದನ್ನೂ ಬರೆದುಕೊಂಡಿದ್ದೇನೆ, ತಾತ ಹೇಳಿದ್ದು ಅಂತಲೇ.

ಕೇಳುವುದು ಹೇಗೆ

"ಅವರ ಬಗ್ಗೆ ಏನಾದ್ರೂ ಹೇಳಿ ಅಂಕಲ್" ಅಂತ ಕೇಳಿದರೆ ಒಂದೇ ಉತ್ತರ. "ಒಳ್ಳೇ ಪ್ಲೇಯರ್. ಅದಕ್ಕಿಂತ ಒಳ್ಳೇ ಮನುಷ್ಯ." ನನ್ನ ಮೊದಲ ಹನ್ನೊಂದು ರೆಕಾರ್ಡಿಂಗ್‌ನಲ್ಲಿ ಒಂಬತ್ತರಲ್ಲಿ ಇದೇ ವಾಕ್ಯ ಇದೆ. ಬೇಕಾದರೆ ಲೆಕ್ಕ ಹಾಕಿ ತೋರಿಸ್ತೀನಿ.

ಆಟಗಾರನ ಬಗ್ಗೆ ಕೇಳಬೇಡಿ, ಆ ದಿನದ ಬಗ್ಗೆ ಕೇಳಿ. ಆವತ್ತು ಯಾರ ಜೊತೆ ಹೋಗಿದ್ರಿ? ಬಸ್ಸಾ, ಸೈಕಲ್ಲಾ? ಸೈಕಲ್ ಎಲ್ಲಿ ನಿಲ್ಲಿಸಿದ್ರಿ? ಯಾವ ಗೋಲ್ ಪೋಸ್ಟ್ ಹಿಂದೆ ಕೂತಿದ್ರಿ? ವಾಪಸ್ ಬರ್ತಾ ದಾರೀಲಿ ಏನು ಮಾತಾಡಿದ್ರಿ? ಇಂಥ ಸಣ್ಣ ಪ್ರಶ್ನೆಗೆ ಯಾರ ಹತ್ತಿರವೂ ರೆಡಿ ಉತ್ತರ ಇರುವುದಿಲ್ಲ. ಯೋಚನೆ ಮಾಡಿ ಹೇಳಬೇಕಾಗುತ್ತೆ. ಹಾಗೆ ಯೋಚಿಸುವಾಗ ಆಟಗಾರ ತಾನಾಗೇ ಬರುತ್ತಾನೆ.

ಕೈಗೆ ಏನಾದರೂ ಕೊಡಿ. ಒಬ್ಬರು ಚಾಪ್‌ಮನ್ ಪಾಸ್ ಬಗ್ಗೆ ಹೇಳಲು ಹೊರಟು ಮೂರು ಸಲ ತಡವರಿಸಿದರು. ಮಿಡ್‌ಫೀಲ್ಡರ್ ಆಟ ಬಾಯಲ್ಲಿ ಹೇಳುವುದು ಕಷ್ಟ. ಸ್ಟ್ರೈಕರ್ ಆದರೆ ಗೋಲು ಹೇಳಿದರೆ ಮುಗೀತು. ಮೇಜಿನ ಮೇಲೆ ಕಾಫಿ ಲೋಟಗಳಿದ್ದವು. ನಾನು ಅದನ್ನೇ ಅವರ ಮುಂದೆ ತಳ್ಳಿದೆ. ಅವರು ಎರಡು ಲೋಟವನ್ನು ಮುಂದೆ ಇಟ್ಟರು. "ಇವ್ನು ವಿಜಯನ್. ಇವ್ನು ಬೈಚುಂಗ್." ಸಕ್ಕರೆ ಡಬ್ಬಿಯ ಮುಚ್ಚಳವನ್ನು ಹಿಂದೆ ಇಟ್ಟರು. "ಇದು ನಮ್ಮೋನು." ಒಂದು ಬಿಸ್ಕತ್ತಿನ ಚೂರು ಬಾಲ್ ಆಯಿತು. ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರು, ಡಿಫೆಂಡರ್ ಆಗಿದ್ದ ನನ್ನ ಪೆನ್ನನ್ನು ಮೇಜಿನ ಅಂಚಿಗೆ ಸರಿಸಿದರು, ಬಿಸ್ಕತ್ತನ್ನು ಎರಡು ಲೋಟದ ನಡುವೆ ತಳ್ಳಿದರು. ಮಾತೇ ಇಲ್ಲ. ಆ ದಿನ ನಾನು ಬರೀ ಧ್ವನಿ ರೆಕಾರ್ಡ್ ಮಾಡುತ್ತಿದ್ದೆ. ಈಗ ಅದನ್ನು ಕೇಳಿದರೆ ಲೋಟ ಜರುಗುವ ಸದ್ದು ಮಾತ್ರ. ಅದಕ್ಕೇ ಹೇಳುತ್ತೇನೆ, ಸಾಧ್ಯವಾದರೆ ವಿಡಿಯೋ ಮಾಡಿ. ಮುಖ ಬೇಡ ಅಂದರೆ ಕೈ ಮಾತ್ರ ಹಿಡಿಯಿರಿ.

ನಡುವೆ ತಿದ್ದಬೇಡಿ. ವರ್ಷ ತಪ್ಪು ಹೇಳಿದರೆ ಹೇಳಲಿ. ಒಮ್ಮೆ ನಾನು "ಅದು 97 ಅಲ್ಲ ಸರ್, 96" ಅಂದೆ. ಅಷ್ಟೇ. ಮುಂದೆ ಪ್ರತಿ ವಾಕ್ಯಕ್ಕೂ ಅವರು "ನೀನೇ ನೋಡಿಕೊಳ್ಳಪ್ಪ, ನನಗೆ ಸರಿಯಾಗಿ ಜ್ಞಾಪಕ ಇಲ್ಲ" ಅಂತ ಸೇರಿಸಲು ಶುರು ಮಾಡಿದರು. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು.

ಗೆಳೆಯರ ಗುಂಪು ಸಿಕ್ಕಿದರೆ ಖುಷಿ ಆಗುತ್ತೆ ನಿಜ. ಆದರೆ ಮೊದಲು ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಇಲ್ಲದಿದ್ದರೆ ಜೋರು ಗಂಟಲಿನವರ ನೆನಪೇ ಎಲ್ಲರ ನೆನಪಾಗಿಬಿಡುತ್ತೆ.

ಸಾವಿನ ವಿಷಯ ಕೊನೆಗೆ. ಚಾಪ್‌ಮನ್ ತೀರಿಕೊಂಡದ್ದು 2020ರ ಅಕ್ಟೋಬರ್ 12ಕ್ಕೆ, ನಲವತ್ತೊಂಬತ್ತನೇ ವಯಸ್ಸಿಗೆ. ಕೊರೋನಾ ಕಾಲ ಬೇರೆ. ಅದರಿಂದ ಶುರು ಮಾಡಿದರೆ ಮುಂದಿನ ಮಾತೆಲ್ಲ ಶ್ರದ್ಧಾಂಜಲಿ ಸಭೆ ಥರ ಆಗುತ್ತೆ. ಅವರೇ ಎತ್ತಿದರೆ ಕೇಳಿಸಿಕೊಳ್ಳಿ, ಇಲ್ಲಾಂದರೆ ಬಿಡಿ.

ಫೋನಿನ ವಿಷಯ

ರೆಕಾರ್ಡ್ ಮಾಡುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ. ನಾನು ಹಾಕಿರಲಿಲ್ಲ. ಒಬ್ಬ ಹಳೇ ಗೋಲ್‌ಕೀಪರ್ ಜೊತೆ ಮಾತಾಡುವಾಗ ಯಾರೋ ಸಾಲ ಬೇಕಾ ಅಂತ ಫೋನ್ ಮಾಡಿದರು, ರೆಕಾರ್ಡಿಂಗ್ ಅಲ್ಲೇ ನಿಂತಿತು, ನಾನು ಗಮನಿಸಲಿಲ್ಲ. ನಲವತ್ತು ನಿಮಿಷ ಹೋಯಿತು. ಮತ್ತೆ ಹೋಗಿ ಕೇಳಿದಾಗ ಅವರು ಎಲ್ಲವನ್ನೂ ಹೇಳಿದರು, ಆದರೆ ಮೊದಲ ಸಲದ ಹಾಗೆ ನಗಲಿಲ್ಲ.

ಫೋನನ್ನು ಮಡಚಿದ ಟವೆಲ್ ಮೇಲಿಡಿ, ಮೇಜು ಬಡಿಯುವ ಸದ್ದು ಬರುವುದಿಲ್ಲ. ಮೊದಲು ಒಂದು ನಿಮಿಷ ಮಾಡಿ ಕೇಳಿ ನೋಡಿ. ಮನೆಗೆ ಬಂದ ದಿನವೇ ಫೈಲಿಗೆ ತಾರೀಕು ಹಾಕಿ ಇನ್ನೊಂದು ಕಡೆ ಕಾಪಿ ಇಡಿ. ಅಷ್ಟು ಸಾಕು.

ನೋ, ಕೇ, ಓ

ಇದು ನನ್ನ ನೋಟ್‌ಬುಕ್ಕಿನ ಗುರುತು. ಮಾವನ ಟಿವಿ ಕಥೆ ಆದ ಮೇಲೆ ಶುರು ಮಾಡಿದ್ದು. ಮಾತನ್ನು ಬರೆದುಕೊಳ್ಳುವಾಗ ಪ್ರತಿ ಘಟನೆಯ ಪಕ್ಕದಲ್ಲಿ ಒಂದಕ್ಷರ ಹಾಕುತ್ತೇನೆ. ನೋಡಿದ್ದು ಅಂದರೆ ನೋ. ಯಾರೋ ಹೇಳಿ ಕೇಳಿದ್ದು ಅಂದರೆ ಕೇ. ಪೇಪರಿನಲ್ಲಿ ಓದಿದ್ದು ಅಂದರೆ ಓ. ಗೊತ್ತಾಗದಿದ್ದರೆ ಖಾಲಿ ಬಿಡುತ್ತೇನೆ. ಇದರಲ್ಲಿ ಒಂದು ಮೇಲು ಒಂದು ಕೀಳು ಅಂತ ಇಲ್ಲ. ಆದರೆ ಬೆರೆತು ಹೋದರೆ ಕಷ್ಟ. ಇವತ್ತು ಯೂಟ್ಯೂಬಿನಲ್ಲಿ ನೋಡಿದ್ದು ನಾಳೆ ಗ್ಯಾಲರಿಯಲ್ಲಿ ಕೂತು ನೋಡಿದ ಹಾಗೆ ಆಗಿಬಿಡುತ್ತೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಪ್ರೀತಿ ಇರುವ ಕಡೆ ಹಾಗಾಗುತ್ತೆ.

ವರ್ಷ ಹಿಡಿಯುವುದು

"ಯಾವ ವರ್ಷ?" ಅಂತ ನೇರವಾಗಿ ಕೇಳಿದರೆ ಸರಿ ಉತ್ತರ ಬರುವುದು ಅಪರೂಪ. ಜನ ಮರೆಯಲಾಗದ ಒಂದು ಘಟನೆ ಹಿಡಿದುಕೊಂಡು, ಅದಕ್ಕೆ ಮುಂಚೆನಾ ಆಮೇಲಾ ಅಂತ ಕೇಳಿ. ಇಟಲಿಯ ಬ್ಯಾಜಿಯೊ ಪೆನಾಲ್ಟಿಯನ್ನು ಆಕಾಶಕ್ಕೆ ಹೊಡೆದ ವಿಶ್ವಕಪ್‌ಗೆ ಮುಂಚೆನಾ? ಅದು 1994ರ ಜುಲೈ. ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್, ಆಮಿರ್ ಸೊಹೈಲ್‌ನ ಬೌಲ್ಡ್ ಮಾಡಿದ ಮೇಲಾ? ಅದು 1996ರ ಮಾರ್ಚ್ 9. ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋಗಿದ್ದಾಗಲಾ? 2000ದ ಜುಲೈ ಕೊನೆಯಿಂದ ನವೆಂಬರ್ ಮಧ್ಯದ ತನಕ, 108 ದಿನ. ಈ ಮೂರು ಗೂಟ ನೆಟ್ಟರೆ ಚಾಪ್‌ಮನ್ ಆಟದ ವರ್ಷಗಳೆಲ್ಲ ಅದರ ಆಚೀಚೆಯೇ ಬಂದುಬಿಡುತ್ತವೆ. ಕೋಚ್ ಆಗಿದ್ದ ಕಾಲಕ್ಕೆ ಇನ್ನೊಂದು ಗೂಟ, 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದದ್ದು.

ಅವರ ಬಾಯಲ್ಲಿ ಬರುವ ಹೆಸರನ್ನೂ ಗಮನಿಸಿ. ಹಿರಿಯರೊಬ್ಬರು "ಮೈಸೂರ್ ಟೀಮು ಸಂತೋಷ್ ಟ್ರೋಫಿ ಗೆದ್ದಾಗ" ಅಂದರು, ಅಂದರೆ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ. ನನ್ನ ಜೊತೆ ಬಂದಿದ್ದ ಹುಡುಗ ಅದನ್ನು "ಕರ್ನಾಟಕ" ಅಂತ ತಿದ್ದಿ ಬರೆದುಕೊಂಡ. ತಪ್ಪು. 1973ರ ನವೆಂಬರ್ 1ರ ತನಕ ನಮ್ಮದು ಮೈಸೂರು ರಾಜ್ಯ, ತಂಡದ ಹೆಸರೂ ಅದೇ. ಮೈಸೂರು ಹೆಸರಲ್ಲಿ ಕೊನೆಯ ಸಲ ಗೆದ್ದದ್ದು 1968-69ರಲ್ಲಿ. ಆಮೇಲೆ ಕರ್ನಾಟಕ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2ರಲ್ಲಿ. ನಡುವೆ ಐವತ್ನಾಲ್ಕು ವರ್ಷ. ಆ ಒಂದು ಪದ ತಿದ್ದಿದ್ದರೆ ಕಾಲದ ಗುರುತೇ ಅಳಿಸಿ ಹೋಗುತ್ತಿತ್ತು.

ಸ್ಕೋರು, ತಾರೀಕು ನೋಡಲು ಆರ್‌ಎಸ್‌ಎಸ್‌ಎಸ್‌ಎಫ್ ಅನ್ನುವ ಜಾಲತಾಣದಲ್ಲಿ ಭಾರತದ ಹಳೇ ಟೂರ್ನಿಗಳ ಪಟ್ಟಿ ಇದೆ. ದೊಡ್ಡ ಲೈಬ್ರರಿಗಳಲ್ಲಿ ಹಳೇ ಪೇಪರ್ ಸಿಗುತ್ತಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಪೇಪರಿನ ತಾರೀಕು ಮ್ಯಾಚಿನ ತಾರೀಕಲ್ಲ, ಮಾರನೇ ದಿನದ್ದು. ಇದನ್ನು ಮರೆತು ನಾನು ಒಂದು ಇಡೀ ಪಟ್ಟಿಯನ್ನು ಒಂದು ದಿನ ಮುಂದಕ್ಕೆ ಹಾಕಿ, ಮತ್ತೆ ಬರೆದಿದ್ದೇನೆ.

ಆಲ್ಬಂನಲ್ಲಿ ಅಂಟಿಸಿದ ಪೇಪರ್ ಕಟಿಂಗ್ ಸಿಕ್ಕಿದರೆ ಕೀಳಲು ಹೋಗಬೇಡಿ, ಹರಿಯುತ್ತೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಅಂಟಿಸದೆ ಬಿಡಿಯಾಗಿ ಇಟ್ಟಿದ್ದರೆ ಹಿಂಬದಿಯನ್ನೂ ತೆಗೆಯಿರಿ. ಮುಂದೆ ತಾರೀಕು ಕತ್ತರಿಸಿ ಹೋಗಿರುತ್ತೆ, ಹಿಂದೆ ಸಿನಿಮಾ ಜಾಹೀರಾತು ಇರುತ್ತೆ. ಯಾವ ಥಿಯೇಟರಿನಲ್ಲಿ ಯಾವ ಸಿನಿಮಾ ಎಷ್ಟನೇ ವಾರ ಅಂತ. ಅದರಿಂದ ವಾರ ಹಿಡಿಯಬಹುದು. ನನಗೆ ಈ ಕೆಲಸದಲ್ಲಿ ಅತಿ ಜಾಸ್ತಿ ಖುಷಿ ಕೊಡುವುದು ಇದೇ, ನಿಜ ಹೇಳಬೇಕಂದರೆ.

ಬರೆಯುವಾಗ

ನೆನಪೂ ದಾಖಲೆಯೂ ಬೇರೆ ಬೇರೆ ಹೇಳಿದರೆ ಎರಡನ್ನೂ ಇಡಿ. ಅವರ ಮಾತನ್ನು ಅವರ ಮಾತಲ್ಲೇ ಬರೆದು, ಕೆಳಗೆ ಒಂದು ಸಾಲಿನಲ್ಲಿ ನಿಜವಾದ ಸ್ಕೋರು ಹಾಕಿ.

ಅಭಿಮಾನಿಗಳು ಆಟಗಾರನನ್ನು "ಅವನು" ಅನ್ನುತ್ತಾರೆ. ಬರೆಯುವವರಿಗೆ ಕೈ ತುರಿಸುತ್ತೆ, "ಅವರು" ಮಾಡೋಣ ಅಂತ. ಮಾಡಬೇಡಿ. ನಾನು ಬರೆಯುವಾಗ ಅವರು ಅಂತಲೇ ಬರೆಯುತ್ತೇನೆ, ಅದು ನನ್ನ ಮರ್ಯಾದೆ. ಆದರೆ "ಇದು ನಮ್ಮೋನು" ಅಂತ ಮುಚ್ಚಳ ಇಟ್ಟವರ ಮಾತನ್ನು "ಇವರು ನಮ್ಮವರು" ಅಂತ ಮಾಡಿದರೆ ಏನು ಉಳಿಯುತ್ತೆ? ತಮಿಳು, ಉರ್ದು, ಇಂಗ್ಲಿಷ್ ಬೆರೆತು ಬಂದರೂ ಹಾಗೇ ಬಿಡಿ. ಬೆಂಗಳೂರಿನ ಗ್ಯಾಲರಿ ಮಾತಾಡುವುದೇ ಹಾಗೆ.

ಸಿಟ್ಟು ಬಂದರೆ ಅದನ್ನೂ ಬರೆಯಿರಿ. ಚಾಪ್‌ಮನ್ ಸಂತೋಷ್ ಟ್ರೋಫಿಯಲ್ಲಿ ಬಂಗಾಳದ ಪರ ಆಡಿದ್ದರು. ಅದನ್ನು ಇವತ್ತಿಗೂ ಕ್ಷಮಿಸದ ಒಬ್ಬರಿದ್ದಾರೆ. "ಅವನ ಮೇಲೆ ಕೋಪ ಅಲ್ಲ, ಇಲ್ಲಿ ಉಳಿಸಿಕೊಳ್ಳಲಿಲ್ಲವಲ್ಲ, ಅದಕ್ಕೆ" ಅಂದರು. ಹೊಗಳಿಕೆ ಮಾತು ಎಲ್ಲರ ಹತ್ತಿರವೂ ಸಿಗುತ್ತೆ, ಇಂಥದ್ದು ಸಿಗುವುದಿಲ್ಲ.

ಬಿಡಬೇಕಾದದ್ದೂ ಇದೆ. ಯಾವ ಆಟಗಾರನೇ ಆಗಲಿ, ಮನೆ ವಿಷಯ, ದುಡ್ಡಿನ ವಿಷಯ, ಕಾಯಿಲೆ ವಿಷಯ ನಾನು ಹಾಕುವುದಿಲ್ಲ. ಒಂದೇ ಗಾಸಿಪ್ಪನ್ನು ಮೂವರು ಮೂರು ಥರ ಹೇಳಿದ್ದಾರೆ, ಮೂರು ಸಲವೂ ರೆಕಾರ್ಡಿಂಗ್ ನಿಲ್ಲಿಸಿದ್ದೇನೆ. ಹೇಳಿದವರ ಹೆಸರು ಹಾಕಬೇಕಾದರೆ ಕೇಳಿಯೇ ಹಾಕಿ. ಇಲ್ಲದಿದ್ದರೆ ಏರಿಯಾ, ವಯಸ್ಸು, ಮಾಡುತ್ತಿದ್ದ ಕೆಲಸ, ಅಷ್ಟು ಬರೆಯಿರಿ.

ಕೊನೆಯದಾಗಿ, ಬರೆದದ್ದನ್ನು ಅವರಿಗೇ ಓದಿ ಹೇಳಿ. ದಪ್ಪ ಅಕ್ಷರದಲ್ಲಿ ಪ್ರಿಂಟ್ ಕೊಟ್ಟರೂ ಕನ್ನಡಕ ಹುಡುಕಿಕೊಂಡು ಓದುವವರು ಕಡಿಮೆ. ಎದುರಿಗೆ ಕೂತು ಓದಿದರೆ ಎಲ್ಲಿ ತಪ್ಪಿದ್ದೀರಿ ಅನ್ನೋದು ಅವರ ಮುಖದಲ್ಲೇ ಗೊತ್ತಾಗುತ್ತೆ.

ಹೋದ ತಿಂಗಳು ಮಾವನಿಗೆ ಕ್ಯಾಂಟೀನ್ ಭಾಗ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಟಿವಿ ವಿಷಯ ತೆಗೆಯಲು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ಫಿಟ್ಟರ್ ಒಬ್ಬರು ಅಂತ ಯಾಕೆ ಹಾಕಿದ್ದೀಯ? ಹೆಸರು ಹಾಕೋ ಅವನದ್ದು. ಅವನು ಓದದೇ ಇದ್ದಿದ್ರೆ ನಮಗ್ಯಾರಿಗೂ ಗೊತ್ತೇ ಆಗ್ತಿರಲಿಲ್ಲ."

"ಅವರನ್ನ ಕೇಳಬೇಕಲ್ಲ ಮಾವ."

"ಅವನು ಹೋಗಿ ಆರು ವರ್ಷ ಆಯ್ತು." ಸ್ವಲ್ಪ ಹೊತ್ತು ಬಿಟ್ಟು ಅಂದರು, "ಮಗಳು ಇದ್ದಾಳೆ, ಮರ್ಫಿ ಟೌನ್‌ನಲ್ಲಿ. ಅಪ್ಪನ ಪೇಪರ್ ಕಟಿಂಗ್ ಎಲ್ಲಾ ಅವಳ ಹತ್ರಾನೇ ಇರಬೇಕು."

ನಂಬರ್ ಸಿಕ್ಕಿದೆ. ಭಾನುವಾರ ಹೋಗುತ್ತಿದ್ದೇವೆ, ಮಾವನೂ ಬರುತ್ತಾರಂತೆ.